ಕಾಯ್ದೆ

ವಿರಾಬೆಲ್‌ನ ಫುಟ್‌ಬಾಲ್ ಕ್ಲಬ್ಬಿನಲ್ಲಿ
ಮೂರು ಮೇಜು ಜೋಡಿಸಿ, ಹಸಿರು ಬಟ್ಟೆ ಹೊದಿಸಿ
ಅದನ್ನು ಸಂಸತ್ತಿನ ಸಮಿತಿ ಅಂದರು.
ಗೋಡೆಯ ಮೇಲೆ ಕಪ್ಪು ಗೆದ್ದ ವರ್ಷಗಳ ಪಟ್ಟಿ:
ಅರವತ್ತೊಂದು, ಅರವತ್ತೆಂಟು,
ಆಮೇಲೆ ಬರೀ ಹಲಗೆ.
ನಾನು ಮೂಲೆಯಲ್ಲಿ. ನನ್ನ ಕೆಲಸ
ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು,
ಅಂದರೆ ಕೆಮ್ಮು ಬಿಟ್ಟು, ತೊದಲು ಬಿಟ್ಟು,
ಬಿಕ್ಕಿದರೆ ಬಿಕ್ಕನ್ನೂ ಬಿಟ್ಟು.

ಮೊದಲು ಕಂಪನಿಯ ವಕೀಲ.
ಟವರಿನ ಬ್ಯಾಟರಿ ನಾಲ್ಕು ಗಂಟೆಯದು, ಅಂದ,
ನಾಲ್ಕು ಗಂಟೆಯೂ ನಡೆಯಿತು, ಒಂದು ನಿಮಿಷ ಕಡಿಮೆಯಿಲ್ಲ.
ದನಿಯಲ್ಲಿ ಮಗ ಪಾಸಾದ ಹೆಮ್ಮೆ.
ಎಪ್ಪತ್ತೆರಡು ಗಂಟೆ ನಡೆಯಲೇಬೇಕೆಂಬ ಆರನೆಯ ಕಲಮಿಗೆ
ಅವನದೊಂದು ಸಣ್ಣ ತಿದ್ದುಪಡಿ:
"ಕಾರ್ಯಸಾಧ್ಯವಾದ ಮಟ್ಟಿಗೆ."
ಎರಡೇ ಪದ. ಅವೆರಡರ ನಡುವಿನ ಜಾಗದಲ್ಲಿ
ಒಂದು ಡೀಸೆಲ್ ಲಾರಿ
ಸಲೀಸಾಗಿ ತಿರುಗಿ ವಾಪಸ್ಸು ಹೋಗಬಹುದು.

ಆಮೇಲೆ ಟವರು ನೋಡಿಕೊಳ್ಳುವ ಡಾರಿಯೋ ವುಕೊವಿಚ್.
ಜನರೇಟರ್ ಹೇರಿಕೊಂಡು ಹೊರಟೆ,
ಕ್ವಾರಿ ತಿರುವಿನಲ್ಲಿ ಮರ ಅಡ್ಡ, ಮರದಾಚೆ ಪೊಲೀಸರು ಅಡ್ಡ,
ಬಿಡಲು ಮೇಲಿನವರ ಅಪ್ಪಣೆ ಬೇಕಂತೆ.
ಮೇಲಿನವರನ್ನು ಕೇಳೋಣವೆಂದರೆ
ಫೋನ್ ಎಲ್ಲಿದೆ?
ಅದನ್ನು ಸರಿಮಾಡಲೆಂದೇ ಅಲ್ಲವೇ ನಾನು ಹೊರಟದ್ದು.
ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.
ನಾನು ಬರೆಯಲಿಲ್ಲ.

ಥೆಲ್ಮಾ ಟ್ರೆಗೆನ್ಜಾ ಕೊನೆಗೆ. ವಯಸ್ಸು ಎಪ್ಪತ್ತೊಂಬತ್ತು.
ಚೀಲದಿಂದ ಬಾದಾಮಿ ಬಣ್ಣದ ತಂತಿ ಫೋನು ತೆಗೆದು
ಹಸಿರು ಬಟ್ಟೆಯ ಮೇಲಿಟ್ಟಳು.
ಶೆಡ್ಡು ಉಳಿಯಿತು, ಇದು ಶೆಡ್ಡಿನಲ್ಲಿತ್ತು.
ಹಿಂದಿನ ಬೆಂಕಿಯಲ್ಲಿ ಊರಿಗೆಲ್ಲ ಕರೆಂಟು ಹೋದರೂ
ಕಿವಿಗಿಟ್ಟರೆ ಗುಂಯ್ ಅನ್ನುತ್ತಿತ್ತು,
ತಾಮ್ರದೊಳಗೆ ತನ್ನ ಜೀವ ತಾನೇ ಇಟ್ಟುಕೊಂಡು.
ಹೊಸದು ಬಂತು. ಲೈನು ಕಿತ್ತವರು ಸಹಿ ಹಾಕಿಸಿಕೊಂಡರು.
ಸಹಿ ನನ್ನದೇ, ಸುಳ್ಳು ಯಾಕೆ.

ಪಕ್ಕದ ಆಸ್ಮಂಡನಿಗೆ ಎರಡು ಸಲ ಹೇಳಿದೆ, ಬಾ ಅಂತ.
ಮೆಸೇಜು ಕಳಿಸ್ತಾರಂತಲ್ಲ, ಅಂದ.
ಹಾಗಂತ ಬರೆದ ಸರ್ಕಾರದ ಕಾಗದವನ್ನು
ಫ್ರಿಜ್ಜಿಗೆ ಅಂಟಿಸಿಕೊಂಡಿದ್ದ.
ನೀರಿನ ತೊಟ್ಟಿಯ ತಗಡಿನ ಮೇಲೆ ಹತ್ತಿ
ಫೋನು ಮೇಲೆತ್ತಿ ಹಿಡಿದಿದ್ದ. ನಾನು ಕಾರು ತಿರುಗಿಸುವಾಗ
ಗಾಳಿಯ ದಿಕ್ಕು ತೋರಿಸುವ ಹುಂಜದ ಹಾಗೆ ಕಂಡ.
ಅವನು ಕಾದ.

ಗುರುವಾರ ಟವರು ಎದ್ದಿತು. ನಾವು ಬೂದಿಯಲ್ಲಿ ನಿಂತಿದ್ದೆವು.
ಎಲ್ಲರ ಕಿಸೆಗಳಲ್ಲೂ ಒಟ್ಟಿಗೇ, ಜೀರುಂಡೆ ಎದ್ದ ಹಾಗೆ:
ಈಗಲೇ ಹೊರಡಿ.
ಈಗಲೇ ಹೊರಡಿ.
ಹೊರಡಲು ತಡವಾಗಿದೆ.
ನಿಮ್ಮ ತಿಂಗಳ ಬಾಕಿ ಮೂವತ್ತೊಂಬತ್ತು ಡಾಲರ್.

ಅವಳು ಸುಮ್ಮನಾದಳು. ಅಧ್ಯಕ್ಷರು ನೀರು ಕೊಡಿಸಿದರು.
ನನ್ನ ಗಡಿಯಾರದಲ್ಲಿ ಅದು ಐವತ್ತು ಸೆಕೆಂಡು,
ಬರಹದಲ್ಲಿ ಒಂದು ಪೂರ್ಣವಿರಾಮ.

ಅವನು ಕಾದ, ಎಂದು ಇಂಗ್ಲಿಷಿನಲ್ಲಿ ಬೆರಳು ಒತ್ತಿತು.
ಆ ಭಾಷೆಯಲ್ಲಿ ಅದಕ್ಕೆ ಒಂದೇ ಕೆಲಸ.
ನನ್ನೊಳಗಿನದು ಸುಮ್ಮನಿರಲಿಲ್ಲ:
ಹೆಂಚು ಕಾಯುತ್ತದೆ, ನಾಯಿ ಮನೆ ಕಾಯುತ್ತದೆ,
ಬಸ್‌ಸ್ಟಾಪಿನಲ್ಲಿ ಮನುಷ್ಯ ಕಾಯುತ್ತಾನೆ.
ಕಾದ ತಗಡು, ಅದರ ಮೇಲೆ ಕಾದ ಆಸ್ಮಂಡ್,
ಅವನನ್ನು ಕಾಯದ ಕಾಗದ.
ಇವರು ಈಗ ಮಾಡಹೊರಟದ್ದರ ಹೆಸರೂ, ನೋಡಿ,
ಕಾಯ್ದೆ.
ಯಾರಾದರೂ ಎದೆ ಮುಟ್ಟಿಕೊಂಡು ಹೇಳಿದರೆ
ಅದು ಒಂದು ಪೂರ್ತಿ ವಾಕ್ಯ.
ಹೇಳುವವರು ಬೇಕು.

ಸಂಜೆ ಮಸೂದೆಯ ಕೊನೆಯ ಹಾಳೆ ಓದಿದೆ:
ಒಪ್ಪಿಗೆ ಸಿಕ್ಕ ಹದಿನೆಂಟು ತಿಂಗಳಿಗೆ ಜಾರಿ.
ಇದು ಅಕ್ಟೋಬರ್. ಬೆರಳು ಮಡಚಿ ಎಣಿಸಿದೆ.
ನಡುವೆ ಎರಡು ಬೇಸಿಗೆ.

ಹೊರಗೆ ಡಾರಿಯೋ ಆ ಫೋನನ್ನು
ಅವಳ ಕಾರಿನವರೆಗೆ ಹೊತ್ತುಕೊಂಡು ಹೋಗುತ್ತಿದ್ದ.
ತಂತಿ ಜಲ್ಲಿಯ ಮೇಲೆ ಎಳೆದುಕೊಂಡು ಹೋಗುತ್ತಿತ್ತು.
ಹಿಂದೆ ಥೆಲ್ಮಾ,
ಮೊಳಕೈಗೆ ಅದನ್ನು ಸುತ್ತಿಕೊಳ್ಳುತ್ತ, ಸುತ್ತಿಕೊಳ್ಳುತ್ತ.